ಹಾಸಿಗೆಯ ಸುತ್ತ ಒಂದು ಮರೆ: ರೋಗಿಯ ಖಾಸಗಿತನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲಿ ದುಡಿದು, ಈಗ ನರ್ಸಿಂಗ್ ಓದುವ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ರೋಗಿಗಳು, ಅವರ ಜೊತೆಗೆ ಬಂದವರು, ಕೆಲಸಕ್ಕೆ ಹೊಸದಾಗಿ ಸೇರಿದ ಸಿಸ್ಟರ್‌ಗಳು ನನ್ನನ್ನು ಮತ್ತೆ ಮತ್ತೆ ಕೇಳಿದ, ಪತ್ರ ಬರೆದು ವಿಚಾರಿಸಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಯಾರ ಗುರುತೂ ಸಿಗಬಾರದೆಂದು ವಯಸ್ಸು, ಸಂಬಂಧಗಳನ್ನು ಬದಲಿಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಖಾಸಗಿತನ ಎಂದರೆ ಪರದೆ ಎಳೆಯುವುದು ತಾನೆ? ಅದಕ್ಕೆ ಇಷ್ಟೊಂದು ಮಾತು ಏಕೆ?

ವಿದ್ಯಾರ್ಥಿನಿಯರಿಗೆ ನಾನು ಮೂರು ಮರೆಗಳ ಲೆಕ್ಕ ಹೇಳುತ್ತೇನೆ. ಒಂದು ಮೈಗೆ ಮರೆ: ಪರೀಕ್ಷೆಗೆ ಬೇಕಾದಷ್ಟೇ ಬಟ್ಟೆ ಸರಿಸುವುದು, ಉಳಿದದ್ದನ್ನು ಹೊದಿಸಿಡುವುದು. ಇನ್ನೊಂದು ಮಾತಿಗೆ ಮರೆ: ಕಾಯಿಲೆಯ ವಿಷಯ ಯಾರ ಕಿವಿಗೆ ಬೀಳುತ್ತಿದೆ ಎಂದು ನೋಡಿಕೊಂಡು ಮಾತನಾಡುವುದು. ಮೂರನೆಯದು ಕಾಗದಕ್ಕೆ ಮರೆ: ಕೇಸ್ ಶೀಟ್, ಸ್ಕ್ಯಾನ್, ರಕ್ತದ ವರದಿ, ಈಗ ಕಂಪ್ಯೂಟರಿನ ಪರದೆ ಮತ್ತು ಮೊಬೈಲ್ ಕೂಡ.

ಬಟ್ಟೆಯ ಪರದೆ ಕಣ್ಣನ್ನು ತಡೆಯುತ್ತದೆ, ಕಿವಿಯನ್ನು ತಡೆಯುವುದಿಲ್ಲ. ಪರದೆಯೊಳಗೆ ನಿಂತು "ಅಮ್ಮಾ, ಬಿಳಿಮುಟ್ಟು ಎಷ್ಟು ದಿನದಿಂದ ಇದೆ?" ಎಂದು ಗಟ್ಟಿಯಾಗಿ ಕೇಳಿದರೆ ಮರೆ ಎಳೆದೂ ಬಯಲಿನಲ್ಲಿ ನಿಲ್ಲಿಸಿದಂತೆ. ಆಮೇಲೆ ಆ ತಾಯಿ "ಏನೂ ಇಲ್ಲ" ಎಂದುಬಿಡುತ್ತಾಳೆ. ಅರ್ಧ ಹೇಳಿದ ಕಾಯಿಲೆಗೆ ಅರ್ಧ ಚಿಕಿತ್ಸೆಯೇ ಸಿಗುವುದು. ಇಷ್ಟೊಂದು ಮಾತು ಬೇಕಾಗಿರುವುದು ಅದಕ್ಕೇ.

ನಾವು ಸರ್ಕಾರಿ ಆಸ್ಪತ್ರೆಗೆ ಹೋಗುವವರು, ದುಡ್ಡು ಕೊಡುವವರಲ್ಲ. ಇದನ್ನೆಲ್ಲ ಕೇಳುವ ಹಕ್ಕು ನಮಗೆ ಇದೆಯೇ?

ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮೂಲಭೂತ ಹಕ್ಕು ಎಂದ ಮೇಲೆ ಅದಕ್ಕೆ ಬಿಲ್ಲು ಕಟ್ಟಿದವರು, ಕಟ್ಟದವರು ಎಂಬ ಭೇದವಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿಯೂ ಗೋಪ್ಯತೆ, ಘನತೆ, ಖಾಸಗಿತನ ಸೇರಿವೆ. "ಉಚಿತ ಚಿಕಿತ್ಸೆ ಪಡೆಯುವವರು ಇಷ್ಟು ಸಹಿಸಿಕೊಳ್ಳಬೇಕು" ಎಂದು ಯಾರಾದರೂ ಹೇಳಿದರೆ ಅದು ಅವರ ಅಭಿಪ್ರಾಯ, ನಿಯಮವಲ್ಲ.

ಇದು ವಿದೇಶದಿಂದ ಬಂದ ರೂಢಿಯಲ್ಲವೇ? ನಮ್ಮಲ್ಲಿ ಎಲ್ಲರೂ ಎಲ್ಲರ ಆರೋಗ್ಯ ವಿಚಾರಿಸುತ್ತಾರೆ.

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ಬೋಧಿಸುವ ಮಾತುಗಳಿವೆ. ರೋಗಿಯ ಮನೆಯ ವಿಚಾರಗಳನ್ನು ಹೊರಗೆ ಹೇಳಬಾರದು ಎಂಬುದು ಅವುಗಳಲ್ಲಿ ಒಂದು. ನರ್ಸಿಂಗ್ ಕಾಲೇಜುಗಳ ದೀಪ ಬೆಳಗಿಸುವ ಸಮಾರಂಭದಲ್ಲಿ ನಮ್ಮ ಹುಡುಗಿಯರು ಹೇಳುವ ನೈಟಿಂಗೇಲ್ ಪ್ರತಿಜ್ಞೆ 1893ರಲ್ಲಿ ಅಮೆರಿಕದಲ್ಲಿ ರಚನೆಯಾದದ್ದು. ಅದರಲ್ಲಿಯೂ ಹೆಚ್ಚುಕಡಿಮೆ ಇದೇ ಮಾತಿದೆ.

ಊರಿನವರು ಎಳನೀರು, ಬ್ರೆಡ್ಡು ಹಿಡಿದು ನೋಡಲು ಬರುವುದು ಪ್ರೀತಿಯಿಂದ. ಆ ಪ್ರೀತಿಗೆ ನಾನು ಅಡ್ಡ ಬರುವುದಿಲ್ಲ. ಆದರೆ ಬಂದವರು "ಏನಂತೆ?" ಎಂದು ಕೇಳಿದಾಗ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದು ಹಾಸಿಗೆಯ ಮೇಲೆ ಮಲಗಿರುವವರ ಮರ್ಜಿ. ಸಿಸ್ಟರ್ ಆಗಲಿ, ಆಯಾ ಆಗಲಿ ಅವರ ಪರವಾಗಿ ಉತ್ತರಿಸಬಾರದು.

## ವಾರ್ಡಿನೊಳಗೆ

ಗಂಡು ಡಾಕ್ಟರು ಪರೀಕ್ಷೆ ಮಾಡುವಾಗ ನನ್ನ ಜೊತೆ ಒಬ್ಬ ಹೆಂಗಸು ಇರಲಿ ಎಂದರೆ ತಪ್ಪು ತಿಳಿಯುತ್ತಾರೆಯೇ?

ತಿಳಿಯಬಾರದು. ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರುವುದು ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ. ಒಳ್ಳೆಯ ವೈದ್ಯರು ತಾವಾಗಿಯೇ "ಸಿಸ್ಟರ್, ಬನ್ನಿ" ಎಂದು ಕರೆಯುತ್ತಾರೆ, ಅದು ಅವರಿಗೂ ರಕ್ಷಣೆ. ಜೊತೆಗೆ ನಿಂತ ಸಿಸ್ಟರ್ ರೋಗಿಯ ತಲೆಯ ಬಳಿ, ಮುಖ ಕಾಣುವಂತೆ ನಿಲ್ಲಬೇಕು. ನೋವಾದದ್ದು, ಸಂಕೋಚವಾದದ್ದು ಮೊದಲು ಕಾಣುವುದು ಮುಖದಲ್ಲಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಬಾಲಕಿಯನ್ನು ಮಹಿಳಾ ವೈದ್ಯರೇ, ತಂದೆತಾಯಿ ಅಥವಾ ಮಗು ನಂಬುವ ಒಬ್ಬರ ಎದುರಿನಲ್ಲಿ ಪರೀಕ್ಷಿಸಬೇಕು ಎಂದು ಪೋಕ್ಸೊ ಕಾಯ್ದೆ ಹೇಳುತ್ತದೆ.

ಅಪ್ಪನಿಗೆ ಲಕ್ವ ಹೊಡೆದು ಎದ್ದು ಹೋಗಲು ಆಗುವುದಿಲ್ಲ. ಬೆಡ್‌ಪ್ಯಾನ್ ಕೊಡುವಾಗ ಮುಖ ತಿರುಗಿಸಿಕೊಳ್ಳುತ್ತಾರೆ, ಈಗ ಊಟವನ್ನೇ ಕಡಿಮೆ ಮಾಡಿದ್ದಾರೆ. ಏನು ಮಾಡಲಿ?

ನಿಮ್ಮ ಪತ್ರ ಓದಿ ನನಗೆ ಎಷ್ಟೋ ಮುಖಗಳು ನೆನಪಾದವು. ಮಲಮೂತ್ರಕ್ಕೆ ಇನ್ನೊಬ್ಬರ ಕೈ ಕಾಯಬೇಕಾದಾಗ ಹಿರಿಯರು ಮೊದಲು ಮಾಡುವುದು ಇದನ್ನೇ: ತಿನ್ನುವುದನ್ನು ಬಿಡುತ್ತಾರೆ, ನೀರು ಕುಡಿಯುವುದನ್ನು ಬಿಡುತ್ತಾರೆ. ಮೂತ್ರದ ಸೋಂಕು, ಮಲಬದ್ಧತೆ, ಸುಸ್ತು ಅದರ ಹಿಂದೆಯೇ ಬರುತ್ತವೆ. ನಾಚಿಕೆಯೂ ಒಂದು ಲಕ್ಷಣ ಎಂದೇ ತಿಳಿಯಿರಿ, ಅದಕ್ಕೂ ಶುಶ್ರೂಷೆ ಬೇಕು.

ಮೊದಲು ಅವರನ್ನೇ ಕೇಳಿ: "ಅಪ್ಪಾ, ಇದಕ್ಕೆ ನಾನು ಇರಲೇ, ತಮ್ಮ ಇರಲೇ, ವಾರ್ಡಿನ ಅಣ್ಣನನ್ನು ಕರೆಯಲೇ?" ಮಗಳ ಕೈಯಲ್ಲಿ ಮಾಡಿಸಿಕೊಳ್ಳಲಾಗದ ತಂದೆ, ಅಪರಿಚಿತ ವಾರ್ಡ್ ಬಾಯ್ ಕೈಯಲ್ಲಿ ನಿರಾಳವಾಗಿ ಮಾಡಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಅದನ್ನು ನಿಮ್ಮ ಮೇಲಿನ ಮುನಿಸು ಎಂದುಕೊಳ್ಳಬೇಡಿ.

ಅವರು ಕೇಳುವವರೆಗೂ ಕಾಯಿಸಬೇಡಿ. ಬೆಳಗಿನ ಕಾಫಿಯಾದ ಮೇಲೆ, ಊಟವಾದ ಮೇಲೆ, ಮಲಗುವ ಮುನ್ನ ನೀವೇ ಮೆಲ್ಲಗೆ ವಿಚಾರಿಸಿದರೆ ಎಲ್ಲರ ಎದುರು ಕೂಗಿ ಕರೆಯುವ ಸಂಕಟ ತಪ್ಪುತ್ತದೆ. ನೋಡಲು ಬಂದವರನ್ನು "ಹತ್ತು ನಿಮಿಷ ಹೊರಗಿರಿ" ಎಂದು ಕಳುಹಿಸಿ. ಸೊಂಟದಿಂದ ಮೊಣಕಾಲಿನವರೆಗೆ ಒಂದು ಪಂಚೆ ಹೊದಿಸಿ, ಅದರೊಳಗೇ ಬೆಡ್‌ಪ್ಯಾನ್ ಸರಿಸಿ. ಬೆನ್ನಿಗೆ ದಿಂಬು ಕೊಟ್ಟು ಆದಷ್ಟು ಕೂರಿಸಿ. ಆಮೇಲೆ ಅವರ ಕೈಗೆಟಕುವ ಕಡೆ ಒಂದು ಗಂಟೆಯನ್ನೋ ಚಮಚ ಹಾಕಿದ ಲೋಟವನ್ನೋ ಇಟ್ಟು, ನೀವೂ ಪರದೆಯ ಹೊರಗೆ ಬನ್ನಿ. ಬಲಗೈ ಆಡುತ್ತಿದ್ದರೆ ಒರೆಸಿಕೊಳ್ಳಲು ಒದ್ದೆ ಬಟ್ಟೆಯನ್ನು ಅವರ ಕೈಗೇ ಕೊಡಿ. ಅಷ್ಟನ್ನು ತಾನೇ ಮಾಡಿಕೊಂಡೆ ಎಂಬುದು ಅವರಿಗೆ ದೊಡ್ಡದು.

ಮುಗಿದ ಮೇಲೆ ವಾಸನೆಯ ಬಗ್ಗೆ, ಪ್ರಮಾಣದ ಬಗ್ಗೆ ಮಾತು ಬೇಡ. ಡಾಕ್ಟರಿಗೆ ಹೇಳಬೇಕಾದದ್ದು ಇದ್ದರೆ ಸಿಸ್ಟರ್ ಮೇಜಿನ ಬಳಿ ಹೋಗಿ ಹೇಳಿ.

ನಾನು ಹೊಸ ಸ್ಟಾಫ್ ನರ್ಸ್. ನಮ್ಮ ವಾರ್ಡಿನಲ್ಲಿ ನಲವತ್ತು ಹಾಸಿಗೆ, ಎರಡೇ ಸ್ಕ್ರೀನ್. ಖಾಸಗಿತನ ಎಲ್ಲಿಂದ ತರಲಿ?

ಸ್ಕ್ರೀನ್ ಬೇಕೆಂದು ಬರೆದು ಕೊಡಿ, ತಿಂಗಳಿಗೊಮ್ಮೆ ಮತ್ತೆ ಬರೆಯಿರಿ. ಬರುವವರೆಗೆ ಎರಡು ಬೆಡ್‌ಶೀಟ್ ಮತ್ತು ಡ್ರಿಪ್ ಸ್ಟ್ಯಾಂಡ್‌ಗಳಿಂದ ಮರೆ ಕಟ್ಟಬಹುದು. ಕ್ಯಾಥೆಟರ್, ಎನಿಮಾ, ತೊಡೆಸಂದಿಯ ಡ್ರೆಸಿಂಗ್ ಇವನ್ನು ಭೇಟಿಯ ವೇಳೆಗೆ ಹೊಂದಿಸಿಕೊಳ್ಳಬೇಡಿ. ಮೈ ಒರೆಸುವಾಗ ಒಂದು ಕೈ, ಒಂದು ಕಾಲು ಎಂದು ಭಾಗ ಭಾಗವಾಗಿ ತೆರೆದು, ಒರೆಸಿ, ಹೊದಿಸಿ ಮುಂದೆ ಹೋಗಿ. ಡ್ಯೂಟಿ ಬದಲಾಗುವಾಗ ಹಾಸಿಗೆಯ ಪಕ್ಕ ರೋಗಿಯ ಸ್ಥಿತಿ ಹೇಳಿ, ಸೂಕ್ಷ್ಮ ವಿಷಯಗಳನ್ನು ಮೇಜಿನ ಬಳಿ ಹೇಳಿಕೊಳ್ಳಿ. "ಹದಿನಾಲ್ಕನೇ ಬೆಡ್ಡಿನ ಗರ್ಭಪಾತದ ಕೇಸು" ಎಂದು ಕರೆಯುವ ಅಭ್ಯಾಸವನ್ನು ಮೊದಲ ವಾರದಲ್ಲೇ ಬಿಡಿ. ಹತ್ತು ವರ್ಷದ ಮೇಲೆ ಅದು ಬಾಯಿಂದ ಹೋಗುವುದಿಲ್ಲ.

ಹೆರಿಗೆ ಕೋಣೆಯಲ್ಲಿ ನಾಲ್ಕು ಮೇಜು ಸಾಲಾಗಿದ್ದವು, ನಡುವೆ ಏನೂ ಇರಲಿಲ್ಲ. ಇದು ಹೀಗೆಯೇ ಇರುವುದೇ?

ಹೀಗಿರಬಾರದು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮ ಸರ್ಕಾರಿ ಹೆರಿಗೆ ಕೋಣೆಗಳ ಗುಣಮಟ್ಟಕ್ಕಾಗಿಯೇ ಇರುವುದು; ಮೇಜುಗಳ ನಡುವೆ ಮರೆ ಇರಬೇಕೆಂಬುದೂ, ಗೌರವದಿಂದ ನಡೆಸಿಕೊಳ್ಳಬೇಕೆಂಬುದೂ ಅದರಲ್ಲಿ ಸೇರಿವೆ. ಹೆರಿಗೆಯ ವೇಳೆ ಜೊತೆಗೊಬ್ಬರು ಇರಬಹುದು ಎಂದು ಆರೋಗ್ಯ ಸಚಿವಾಲಯ 2016ರಲ್ಲಿಯೇ ಒಪ್ಪಿದೆ. ಮರೆಯ ವ್ಯವಸ್ಥೆ ಇರುವ ಕಡೆ ಗಂಡನೂ ಇರಬಹುದು. ಒಬ್ಬಳ ಗಂಡ ಒಳಗೆ ಬರಬೇಕಾದರೆ ಪಕ್ಕದ ಮೇಜಿನ ಹೆಂಗಸಿಗೆ ಮರೆ ಇರಬೇಕಲ್ಲವೇ? ಎರಡು ಹಕ್ಕುಗಳೂ ಒಂದೇ ಪರದೆಗೆ ತೂಗುಬಿದ್ದಿವೆ.

ಬೆಳಗಿನ ರೌಂಡ್ಸಿನಲ್ಲಿ ಹದಿನೈದು ವಿದ್ಯಾರ್ಥಿಗಳು ಸುತ್ತ ನಿಂತು ನೋಡುತ್ತಾರೆ. ಬೇಡ ಎಂದರೆ ಚಿಕಿತ್ಸೆ ನಿಲ್ಲಿಸುತ್ತಾರೆಯೇ?

ನಿಲ್ಲಿಸುವಂತಿಲ್ಲ. ವಿದ್ಯಾರ್ಥಿಗಳು ಕಲಿಯದಿದ್ದರೆ ನಾಳೆ ವೈದ್ಯರಿಲ್ಲ, ನಿಜ. ಆದರೆ ಕಲಿಕೆಗೆ ಮೈ ಒಡ್ಡುವುದು ರೋಗಿ ಕೊಡುವ ದಾನ, ಅದನ್ನು ಕೇಳಿ ಪಡೆಯಬೇಕು. "ಇಬ್ಬರು ಇರಲಿ, ಉಳಿದವರು ಬೇಡ" ಎಂದರೂ ಸರಿ, "ಎದೆಬಡಿತ ಕೇಳಲಿ, ಒಳಪರೀಕ್ಷೆ ಬೇಡ" ಎಂದರೂ ಸರಿ.

## ಮಾತು, ಕಾಗದ, ಮೊಬೈಲ್

ನನ್ನ ಕಾಯಿಲೆ ಏನೆಂದು ಡಾಕ್ಟರು ಮಗನನ್ನು ಹೊರಗೆ ಕರೆದು ಹೇಳುತ್ತಾರೆ. ನನಗೇ ಏಕೆ ಹೇಳುವುದಿಲ್ಲ?

ನಮ್ಮ ಆಸ್ಪತ್ರೆಗಳಲ್ಲಿ ದಿನವೂ ನಡೆಯುವ, ಯಾರಿಗೂ ತಪ್ಪೆನಿಸದ ತಪ್ಪು ಇದು. ಖಾಸಗಿತನ ಎಂದ ಕೂಡಲೇ ಹೊರಗಿನವರು ನೆನಪಾಗುತ್ತಾರೆ. ಮನೆಯವರ ಎದುರು ಅದು ಬೇಕೇ ಎಂದು ಯಾರೂ ಕೇಳುವುದಿಲ್ಲ.

ಪ್ರಜ್ಞೆ, ಬುದ್ಧಿ ಸರಿಯಿರುವ ವಯಸ್ಕರ ಕಾಯಿಲೆಯ ವಿಷಯ ಮೊದಲು ಅವರದು. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅರಿವಳಿಕೆಯಲ್ಲಿದ್ದ 44 ವರ್ಷದ ಮಹಿಳೆಯ ತಾಯಿಯಿಂದ ಒಪ್ಪಿಗೆ ಪಡೆದು ವೈದ್ಯರು ಗರ್ಭಕೋಶ ತೆಗೆದಿದ್ದರು. ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದಾಗ ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗದು ಎಂದು ಕೋರ್ಟ್ ಹೇಳಿತು.

ಮಕ್ಕಳು ಬಂದು "ಅಮ್ಮನಿಗೆ ಕ್ಯಾನ್ಸರ್ ಎಂದು ಹೇಳಬೇಡಿ ಸಿಸ್ಟರ್, ತಡೆದುಕೊಳ್ಳುವುದಿಲ್ಲ" ಎಂದು ಕೈ ಹಿಡಿದು ಬೇಡಿದ್ದಾರೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹೆಚ್ಚಿನ ತಾಯಂದಿರಿಗೆ ಅದು ಆಗಲೇ ಗೊತ್ತಿರುತ್ತದೆ. ಗೊತ್ತಿಲ್ಲದವರಂತೆ ಮಕ್ಕಳಿಗಾಗಿ ನಟಿಸುತ್ತಾ ರಾತ್ರಿ ಎರಡು ಗಂಟೆಗೆ ನಮ್ಮನ್ನು ಕರೆದು ಕೇಳುತ್ತಾರೆ.

ದಾಖಲಾದ ದಿನವೇ ರೋಗಿಯೊಬ್ಬರನ್ನೇ ಕೇಳಿ ಬರೆದುಕೊಳ್ಳುವುದು ಒಳ್ಳೆಯ ದಾರಿ: "ನಿಮ್ಮ ವರದಿಗಳನ್ನು ಯಾರಿಗೆ ಹೇಳಬಹುದು?" ಕೆಲವು ಹಿರಿಯರು "ನನಗೆ ಬೇಡ, ಮಗನಿಗೇ ಹೇಳಿ" ಎನ್ನುತ್ತಾರೆ. ಅದೂ ಅವರ ತೀರ್ಮಾನವೇ, ಹಾಗೆಯೇ ನಡೆಯಬೇಕು. ನೀವು ನಾಳೆಯ ರೌಂಡ್ಸಿನಲ್ಲಿ "ಡಾಕ್ಟರೇ, ನನ್ನ ವಿಷಯ ನನಗೇ ಹೇಳಿ, ಮಗ ಪಕ್ಕದಲ್ಲಿರಲಿ" ಎಂದು ಹೇಳಿ.

ಗಾಯದ ಫೋಟೊ ತೆಗೆದು ಡಾಕ್ಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತೇವೆ. ಅದೂ ತಪ್ಪೇ?

ಮಧ್ಯರಾತ್ರಿ ತಜ್ಞರು ದೂರದಲ್ಲಿರುವಾಗ ಒಂದು ಫೋಟೊ ಕಾಲು ಉಳಿಸಬಹುದು. ರೋಗಿಗೆ ಹೇಳಿ ತೆಗೆಯಿರಿ. ಮುಖ, ಹಚ್ಚೆ, ತಾಳಿ, ಹಾಸಿಗೆಯ ಚೀಟಿ ಚಿತ್ರದಲ್ಲಿ ಬರದಂತೆ ನೋಡಿಕೊಳ್ಳಿ. ಗುಂಪಿಗೆ ಹಾಕದೆ, ನೋಡಬೇಕಾದ ಒಬ್ಬರಿಗೇ ಕಳುಹಿಸಿ. ಕೆಲಸವಾದ ಮೇಲೆ ಗ್ಯಾಲರಿಯಿಂದಲೂ ಅಳಿಸಿ. ಗುರುತು ಸಿಗುವಂಥ ಚಿತ್ರವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವುದನ್ನು 2002ರ ವೈದ್ಯಕೀಯ ನೀತಿ ನಿಯಮಗಳು ವೈದ್ಯರಿಗೆ ನಿಷೇಧಿಸಿವೆ.

ರೀಲ್ಸ್ ಮಾತ್ರ ಬೇಡವೇ ಬೇಡ. 2024ರ ಫೆಬ್ರುವರಿಯಲ್ಲಿ ಗದಗದ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ನಲ್ಲಿ ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದ್ದಕ್ಕೆ 38 ವಿದ್ಯಾರ್ಥಿಗಳ ಮೇಲೆ ಕ್ರಮವಾಯಿತು. ನೀವು ಕುಣಿಯುವಾಗ ಹಿಂದೆ ಸ್ಟ್ರೆಚರ್ ಮೇಲೆ ಹೋಗುತ್ತಿರುವವರು ಯಾರದೋ ತಂದೆ.

ಪರೀಕ್ಷಾ ಕೊಠಡಿಯಲ್ಲಿ ಕ್ಯಾಮೆರಾ ಕಂಡಿತು. ಭದ್ರತೆಗಾಗಿ ಎಂದರು. ನಂಬಬಹುದೇ?

ಹೊರಬಾಗಿಲು, ಮೊಗಸಾಲೆ, ಔಷಧಿ ಕೌಂಟರಿನಲ್ಲಿ ಇರಲಿ. ಬಟ್ಟೆ ಸರಿಸುವ ಜಾಗದಲ್ಲಿ ಕ್ಯಾಮೆರಾಕ್ಕೆ ಕೆಲಸವಿಲ್ಲ. ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಕಳುವಾಗಿ ಅಂತರ್ಜಾಲದಲ್ಲಿ ಮಾರಾಟವಾದದ್ದು 2025ರ ಫೆಬ್ರುವರಿಯಲ್ಲಿ ಬಯಲಾಯಿತು. ಕ್ಯಾಮೆರಾ ಮುಚ್ಚುವವರೆಗೆ ಪರೀಕ್ಷೆಗೆ ಒಪ್ಪಬೇಡಿ. ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ.

ನನ್ನ ಕೇಸ್ ಶೀಟಿನ ನಕಲು ಕೇಳಿದರೆ "ಗೋಪ್ಯ ದಾಖಲೆ" ಎನ್ನುತ್ತಾರೆ.

ಬೇರೆಯವರಿಗೆ ಗೋಪ್ಯ, ನಿಮಗಲ್ಲ. ರೋಗಿ ಅಥವಾ ಅವರು ಒಪ್ಪಿದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡಿರಬೇಕು ಎಂದು 2002ರ ನಿಯಮಗಳಲ್ಲಿದೆ. ಬಾಯಿಮಾತಿನಲ್ಲಿ ಕೇಳದೆ ಅರ್ಜಿ ಬರೆದು, ಸ್ವೀಕೃತಿ ಪಡೆದುಕೊಳ್ಳಿ.

ಆಭಾ ನಂಬರ್ ಕೊಟ್ಟರೆ ನನ್ನ ಎಲ್ಲ ಕಾಯಿಲೆಗಳೂ ಎಲ್ಲರಿಗೂ ಕಾಣುತ್ತವೆಯೇ?

ಇಲ್ಲ. 14 ಅಂಕಿಗಳ ಈ ಆರೋಗ್ಯ ಖಾತೆ ಐಚ್ಛಿಕ, ಒಂದು ಆಸ್ಪತ್ರೆಯ ದಾಖಲೆ ಇನ್ನೊಂದಕ್ಕೆ ಹೋಗಬೇಕಾದರೆ ನಿಮ್ಮ ಸಮ್ಮತಿ ಬೇಕು. ಮೊಬೈಲಿಗೆ ಬಂದ ಒಟಿಪಿಯನ್ನು ಕೌಂಟರಿನವರಿಗೆ ಹೇಳುವ ಮೊದಲು ಯಾವುದಕ್ಕೆಂದು ಕೇಳಿ. ಗಣಕದಲ್ಲಿಟ್ಟದ್ದಕ್ಕೆ ಅಪಾಯವೇ ಇಲ್ಲ ಎಂದು ಮಾತ್ರ ನಾನು ಹೇಳಲಾರೆ: 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನ ಗಣಕ ವ್ಯವಸ್ಥೆಯೇ ಸೈಬರ್ ದಾಳಿಗೆ ಸಿಕ್ಕು, ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೆಸಬೇಕಾಯಿತು.

## ಕಠಿಣ ಪ್ರಶ್ನೆಗಳು

ಎಚ್‌ಐವಿ ಇರುವ ರೋಗಿಯ ಹಾಸಿಗೆಗೆ ಗುರುತು ಹಾಕದಿದ್ದರೆ ಸಿಬ್ಬಂದಿಗೆ ಅಪಾಯವಲ್ಲವೇ?

ಗುರುತು ನಂಬಿದರೆ ಅಪಾಯ ಹೆಚ್ಚು. ಪರೀಕ್ಷೆಯೇ ಆಗದ ರೋಗಿಯ ಹಾಸಿಗೆಯಲ್ಲಿ ಯಾವ ಗುರುತೂ ಇರುವುದಿಲ್ಲ. ಆದ್ದರಿಂದ ರಕ್ತ ಮುಟ್ಟುವ ಪ್ರತಿ ಕೆಲಸಕ್ಕೂ, ಪ್ರತಿಯೊಬ್ಬ ರೋಗಿಗೂ ಕೈಗವಸು. ಸೂಜಿಗೆ ಮತ್ತೆ ಮುಚ್ಚಳ ಹಾಕದೆ ನೇರ ಡಬ್ಬಿಗೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ರೋಗಿಯ ಒಪ್ಪಿಗೆಯಿಲ್ಲದೆ ಈ ವಿಷಯ ಹೊರಗೆಡಹುವಂತಿಲ್ಲ. ಫೈಲಿನ ಮೇಲೆ ಕೆಂಪು ಶಾಯಿ, ತಲೆದೆಸೆಯಲ್ಲಿ ಚೀಟಿ, ಊಟಕ್ಕೆ ಬೇರೆ ತಟ್ಟೆ ಎಲ್ಲವೂ ಹೊರಗೆಡಹಿದಂತೆಯೇ.

ಹಾಗಾದರೆ ಅವರ ಹೆಂಡತಿಗೂ ಹೇಳಬಾರದೇ? ಅವಳ ಗತಿ ಏನು?

ಈ ಪ್ರಶ್ನೆ ಕೇಳಿದವರ ಕಳವಳ ನನ್ನದೂ ಹೌದು. ಕಾಯ್ದೆ ಅವಳನ್ನು ಕೈಬಿಟ್ಟಿಲ್ಲ. ಸೋಂಕಿನ ಗಂಭೀರ ಅಪಾಯವಿದ್ದು, ಆಪ್ತಸಮಾಲೋಚನೆ ಮಾಡಿದ ಮೇಲೂ ರೋಗಿ ತಾನಾಗಿ ಹೇಳುವುದಿಲ್ಲ ಎಂದು ಖಚಿತವಾದರೆ, ರೋಗಿಗೆ ಮೊದಲೇ ತಿಳಿಸಿ, ವೈದ್ಯರು ಅಥವಾ ಸಮಾಲೋಚಕರು ಸಂಗಾತಿಗೆ ಎದುರಾಎದುರು ಕೂತು ಹೇಳಬಹುದು. ಸಂಗಾತಿಗೆ ಮಾತ್ರ. ಅತ್ತೆಗಲ್ಲ, ಭಾವನಿಗಲ್ಲ. ಸೋಂಕಿತಳು ಮಹಿಳೆಯಾಗಿದ್ದು, ಹೇಳಿದರೆ ಹೊಡೆತ ಬೀಳುವ ಅಥವಾ ಮನೆಯಿಂದ ಹೊರಹಾಕುವ ಭಯವಿದ್ದರೆ ಹಾಗೆ ಹೇಳುವಂತೆಯೇ ಇಲ್ಲ. ಶುಶ್ರೂಷಕಿಯರು ಈ ಕೆಲಸವನ್ನು ತಾವೇ ಮೈಮೇಲೆ ಹಾಕಿಕೊಳ್ಳಬಾರದು. ಎಚ್‌ಐವಿ ಕುರಿತ 1097 ಸಹಾಯವಾಣಿಗೆ ಯಾರು ಬೇಕಾದರೂ ಕರೆ ಮಾಡಬಹುದು.

ಗರ್ಭಪಾತ ಮಾಡಿಸಿಕೊಂಡದ್ದು ಗಂಡನ ಮನೆಗೆ ತಿಳಿಯುತ್ತದೆಯೇ?

ಆಸ್ಪತ್ರೆಯಿಂದ ತಿಳಿಯಬಾರದು. 18 ದಾಟಿದ ಮಹಿಳೆಗೆ ಅವಳ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಕಾನೂನಿನಲ್ಲಿ ಇಲ್ಲ. ಅವಳ ಹೆಸರು ದಾಖಲಾತಿ ಪುಸ್ತಕವೊಂದರಲ್ಲಿ ಮಾತ್ರ ಇರಬೇಕು. ಕೇಸ್ ಶೀಟ್, ಆಪರೇಷನ್ ಥಿಯೇಟರಿನ ರಿಜಿಸ್ಟರ್ ಎಲ್ಲ ಕಡೆ ಆ ಪುಸ್ತಕದ ಕ್ರಮಸಂಖ್ಯೆಯನ್ನಷ್ಟೇ ಬರೆಯಬೇಕು. ಗರ್ಭಪಾತ ಕಾಯ್ದೆಗೆ 2021ರಲ್ಲಿ ಬಂದ ತಿದ್ದುಪಡಿಯ ನಂತರ ಹೆಸರು, ವಿವರ ಬಹಿರಂಗ ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ನಿಮ್ಮ ಕಡೆಯಿಂದ ಒಂದು ಎಚ್ಚರಿಕೆ: ನೋಂದಣಿಯಲ್ಲಿ ಕೊಡುವ ಮೊಬೈಲ್ ಸಂಖ್ಯೆ ನಿಮ್ಮ ಕೈಯಲ್ಲಿರುವುದೇ ಆಗಿರಲಿ, ಸಂದೇಶಗಳು ಅಲ್ಲಿಗೇ ಹೋಗುತ್ತವೆ.

ಮಾನಸಿಕ ಕಾಯಿಲೆಗೆ ದಾಖಲಾಗಿದ್ದೆ. ಅಣ್ಣ ಬಂದು ಎಲ್ಲವನ್ನೂ ಕೇಳಿ ತಿಳಿದುಕೊಂಡ. ಇದು ಸರಿಯೇ?

ಅಣ್ಣ ಎಂಬ ಕಾರಣಕ್ಕೆ ಎಲ್ಲವೂ ಅವರಿಗೆ ಸಲ್ಲುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ನಿಮ್ಮ ಪ್ರತಿನಿಧಿ ಯಾರೆಂದು ನೀವೇ ಬರೆದುಕೊಡಬಹುದು. ಅವರಿಗೆ, ಚಿಕಿತ್ಸೆ ಕೊಡುವ ಇತರರಿಗೆ, ಅಥವಾ ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ ಬೇಕಾದಷ್ಟನ್ನು ಮಾತ್ರ ಹೇಳಬಹುದು. ನಿಮ್ಮ ದಾಖಲೆ ನೋಡುವ ಹಕ್ಕೂ ನಿಮಗಿದೆ.

ಗುಟ್ಟು ಬಿಟ್ಟುಕೊಡಲೇಬೇಕಾದ ಸಂದರ್ಭ ಇಲ್ಲವೇ?

ಇವೆ. ನ್ಯಾಯಾಧೀಶರ ಆದೇಶವಿದ್ದರೆ ವೈದ್ಯರು ಹೇಳಬೇಕು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆದರೆ ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಬೇಡಿದರೆ ಅವಳ ಗುರುತನ್ನು ಆ ವರದಿಯಿಂದ ಕೈಬಿಡಬಹುದು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ಕ್ಷಯದಂಥ ರೋಗಗಳನ್ನು ಸರ್ಕಾರಕ್ಕೆ ವರದಿ ಮಾಡಬೇಕು. ಕ್ಷಯಕ್ಕೆ ಈ ನಿಯಮ 2012ರಿಂದ ಇದೆ.

ಸರ್ಕಾರಕ್ಕೆ ವರದಿ ಮಾಡುವುದೆಂದರೆ ಬೀದಿಗೆ ಸಾರುವುದೆಂದಲ್ಲ. 2020ರಲ್ಲಿ ಕೋವಿಡ್ ಬಂದಾಗ ನಾವು ಈ ಗೆರೆ ದಾಟಿದೆವು. ಮನೆ ಬಾಗಿಲಿಗೆ ಭಿತ್ತಿಪತ್ರ ಅಂಟಿಸಿದೆವು, ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿ ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಸಕ್ಷಮ ಪ್ರಾಧಿಕಾರದ ಆದೇಶವಿಲ್ಲದೆ ಹಾಗೆ ಅಂಟಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ ಡಿಸೆಂಬರ್ ಬಂದಿತ್ತು. ಆ ಮನೆಗಳಿಗೆ ಹಾಲು ಹಾಕುವವರು ಕೂಡ ಹೋಗದಿದ್ದುದನ್ನು ನಾನು ಮರೆತಿಲ್ಲ.

ಸತ್ತ ಮೇಲೂ ಖಾಸಗಿತನ ಉಂಟೇ?

ಉಂಟು. ಕೊನೆಯ ಶುಶ್ರೂಷೆಯೂ ಮರೆಯೊಳಗೇ ನಡೆಯಬೇಕು: ಕಣ್ಣು ಮುಚ್ಚಿ, ನಳಿಕೆ ತೆಗೆದು, ಮೈ ಒರೆಸಿ, ಬಟ್ಟೆ ಹೊದಿಸಿ ಕಳುಹಿಸಬೇಕು. ಕಾಯಿಲೆಯ ಗುಟ್ಟೂ ಉಳಿಯುತ್ತದೆ. ನೋಂದಣಿ ಕಚೇರಿ ಕೊಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ, 1969ರ ಜನನ ಮರಣ ನೋಂದಣಿ ಕಾಯ್ದೆಯೇ ಅದನ್ನು ತಡೆದಿದೆ.

ದೂರು ಕೊಡಬೇಕಾದರೆ ಎಲ್ಲಿಗೆ ಹೋಗಲಿ?

ಮೊದಲು ಆಸ್ಪತ್ರೆಯ ಅಧೀಕ್ಷಕರಿಗೆ ಬರೆದುಕೊಡಿ. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ, ಸರ್ಕಾರಿ ಆಸ್ಪತ್ರೆಯಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ. ವೈದ್ಯರ ನಡತೆಯ ವಿಚಾರಕ್ಕೆ ಕರ್ನಾಟಕ ವೈದ್ಯಕೀಯ ಪರಿಷತ್ತು, ಶುಶ್ರೂಷಕರದಕ್ಕೆ ರಾಜ್ಯ ಶುಶ್ರೂಷಾ ಪರಿಷತ್ತು ಇವೆ. ದಿನ, ವೇಳೆ, ಅಲ್ಲಿದ್ದವರು ಯಾರು ಎಂಬುದನ್ನು ಅಂದೇ ಬರೆದಿಟ್ಟುಕೊಳ್ಳಿ.

ಸಿಸ್ಟರ್, ನನ್ನಿಂದಲೇ ಒಬ್ಬ ರೋಗಿಯ ವಿಷಯ ಹೊರಗೆ ಹೋಯಿತು. ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ನನ್ನ ಕೆಲಸದ ನಾಲ್ಕನೇ ವರ್ಷ. ಪ್ರಯೋಗಾಲಯದವರು ಫೋನಿನಲ್ಲಿ ಹೇಳಿದ ಫಲಿತಾಂಶವನ್ನು ಖಚಿತಪಡಿಸಿಕೊಳ್ಳಲು ಒಬ್ಬ ಹುಡುಗಿಯ ಹೆಸರು ಹಿಡಿದು ಗಟ್ಟಿಯಾಗಿ ತಿರುಗಿ ಓದಿದೆ. ಮೂರು ಹಾಸಿಗೆಯಾಚೆ ಅವಳ ಊರಿನವರಿದ್ದರು. ಸಂಜೆಯ ಔಷಧಿ ಕೊಡಲು ಹೋದರೆ ಹಾಸಿಗೆ ಖಾಲಿ. ಮಡಿಸಿಟ್ಟ ಕಂಬಳಿಯ ಮೇಲೆ ಆಸ್ಪತ್ರೆಯ ಲೋಟವನ್ನು ತೊಳೆದು ಬೋರಲು ಹಾಕಿದ್ದಳು. ಅವಳಲ್ಲಿ ಕ್ಷಮೆ ಕೇಳಲು ನನಗೆ ದಾರಿಯೇ ಉಳಿಯಲಿಲ್ಲ. ಅಂದಿನಿಂದ ಫೋನಿನಲ್ಲಿ ನಾನು ಹೆಸರಿನ ಬದಲು ಆಸ್ಪತ್ರೆಯ ನೋಂದಣಿ ಸಂಖ್ಯೆ ಹೇಳುತ್ತೇನೆ, ಫಲಿತಾಂಶವನ್ನು ಬರೆದುಕೊಳ್ಳುತ್ತೇನೆ.

ನಿಮ್ಮ ರೋಗಿ ಇನ್ನೂ ವಾರ್ಡಿನಲ್ಲೇ ಇದ್ದಾರೆ ಎಂದು ಬರೆದಿದ್ದೀರಿ. ಮೇಲ್ವಿಚಾರಕಿಗೆ ನಡೆದದ್ದನ್ನು ತಿಳಿಸಿ. ಆಮೇಲೆ ರೋಗಿಯ ಬಳಿ ಕುರ್ಚಿ ಎಳೆದುಕೊಂಡು ಕೂತು, ಏನು ಹೊರಗೆ ಹೋಯಿತು, ಯಾರಿಗೆ ಹೋಯಿತು ಎಂಬುದನ್ನು ಮುಚ್ಚಿಡದೆ ಹೇಳಿ, ಕ್ಷಮೆ ಕೇಳಿ. ಅವರು ಬೈದರೆ ಕೇಳಿಸಿಕೊಳ್ಳಿ. ಮನೆಯವರು ಬಂದಾಗ ಏನು ಹೇಳಬೇಕು, ಬೇರೆ ಹಾಸಿಗೆ ಬೇಕೇ, ಸಮಾಲೋಚಕರನ್ನು ಕರೆಯಬೇಕೇ ಎಂದು ಅವರನ್ನೇ ವಿಚಾರಿಸಿ. ಇಂದಿನ ಡ್ಯೂಟಿ ಮುಗಿಯುವ ಮೊದಲೇ ಹೋಗಿ.